ಗಟ್ಟಿ ಚಟ್ನಿ, ನೀರು ಚಟ್ನಿ

ಹರಾಜಿನ ದಿನ ತಿಪಟೂರಿನ ಮಾರುಕಟ್ಟೆಗೆ ಹೊರಡುವ ರೈತನಿಗೆ ಮನೆಯಲ್ಲಿ ಕೂತು ತಿಂಡಿ ತಿನ್ನುವ ಪುರುಸೊತ್ತಿರುವುದಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೊಬ್ಬರಿ ಚೀಲ ಹೇರಿಕೊಂಡು ಬಂದವರು ಹುಡುಕುವುದು ನಾಲ್ಕಾರು ಮೇಜಿನ ಒಂದು ಸಣ್ಣ ಹೋಟೆಲನ್ನು. ಬೋರ್ಡು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಾಗಿಲಲ್ಲಿ ಹಬೆ ಕಂಡರೆ ಸಾಕು.

ಈ ಸೀಮೆಯ ಹೋಟೆಲಿನಲ್ಲಿ ಬೆಳಗಿನ ತಿಂಡಿಯೆಂದರೆ ಮೊದಲು ನೆನಪಾಗುವುದು ತಟ್ಟೆ ಇಡ್ಲಿ. ಬಿಡದಿಯೂ ತುಮಕೂರಿನ ಪಕ್ಕದ ಕ್ಯಾತಸಂದ್ರವೂ ಇದಕ್ಕೆ ಹೆಸರಾದ ಊರುಗಳು. ಅಗಲವಾದ ತಟ್ಟೆಗಳಲ್ಲಿ ಹಿಟ್ಟು ಹುಯ್ದು, ನಡುವೆ ಅಂತರ ಬಿಟ್ಟು ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ, ಉದ್ದಿನ ಜೊತೆಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸುವುದರಿಂದ ಇಡ್ಲಿ ಮೆತ್ತಗಿರುತ್ತದೆ. ಎರಡು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ಆದರೆ ಹೋಟೆಲನ್ನು ಅಳೆಯಬೇಕಾದದ್ದು ಇಡ್ಲಿಯಿಂದಲ್ಲ, ಚಟ್ನಿಯಿಂದ. ಹಸಿ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಉಪ್ಪು, ಒಂದಿಷ್ಟು ಹುರಿಗಡಲೆ. ಕಾಯಿ ಮುಂದಿರಬೇಕು, ಕಡಲೆ ಹಿಂದಿರಬೇಕು. ತೋಟದಲ್ಲಿ ಕಾಯಿ ಬೆಳೆಯುವವನ ನಾಲಿಗೆಗೆ ಮೋಸ ಮಾಡುವುದು ಸುಲಭವಲ್ಲ.

ಚಟ್ನಿಗೆ ಬೀಳುವ ಕಾಯಿಯೂ ಹರಾಜಿಗೆ ಬರುವ ಕೊಬ್ಬರಿಯೂ ಒಂದೇ ಮರದವು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಉಂಡೆ ಒಳಗೆ ಉರುಳುವ ಸದ್ದು ಕೇಳಿಸುತ್ತದೆ. ಆಮೇಲೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪನ್ನು ಮಾತ್ರ ಹುಷಾರಾಗಿ ಬಿಡಿಸುತ್ತಾರೆ. ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿ ಬೇರೆ. ಈ ಉಂಡೆ ಕೊಬ್ಬರಿಗೆ ಗಿರಾಕಿ ಉತ್ತರ ಭಾರತ. ಅಲ್ಲಿ ಅದು ದ್ರಾಕ್ಷಿ, ಬಾದಾಮಿಗಳ ಸಾಲಿನಲ್ಲಿ ಕೂರುತ್ತದೆ. ಪೂಜೆಗೂ ಬೇಕು, ಮಿಠಾಯಿಗೂ ಬೇಕು. ಹೀಗೆ ತಿಪಟೂರಿನ ಹೋಟೆಲಿನವನು ಕಾಯಿಗಾಗಿ ಪೈಪೋಟಿ ನಡೆಸಬೇಕಾದದ್ದು ದೂರದ ದಿಲ್ಲಿಯ ಅಂಗಡಿಯೊಂದಿಗೆ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿಳಿದು ರೈತರು ಬೀದಿಗಿಳಿದರು. ಆಗ ಚಟ್ನಿ ಗಟ್ಟಿಯಾಗಿದ್ದರೆ ಅದರಲ್ಲಿ ರೈತ ಸಂತೋಷಪಡುವಂಥದ್ದೇನೂ ಇರಲಿಲ್ಲ. 2025ರಲ್ಲಿ ಎಲ್ಲ ತಿರುಗಿತು. ಬೆಂಬಲ ಬೆಲೆ 12,100 ಇದ್ದರೆ ಹರಾಜಿನ ದರ ಅದರ ಇಮ್ಮಡಿಯನ್ನೂ ದಾಟಿತು. ಹಸಿ ಕಾಯಿಯೂ ಅದರ ಹಿಂದೆಯೇ ಏರಿತು. ರಾಜ್ಯದ ಎಷ್ಟೋ ಹೋಟೆಲುಗಳಲ್ಲಿ ಹುರಿಗಡಲೆ, ಕಡಲೆಬೀಜ ಮುಂದೆ ಬಂದು ಕಾಯಿ ಹಿಂದೆ ಸರಿಯಿತು. ಎರಡನೇ ಸಲ ಚಟ್ನಿ ಕೇಳಿದವರ ಮುಂದೆ ಸಾಂಬಾರಿನ ಸೌಟು ಬಂತು.

ಚಟ್ನಿ ನೀರಾದರೇನು, ಬೆಳೆಗಾರನ ಕೈ ತುಂಬಿತಲ್ಲ ಎನ್ನುವಂತಿಲ್ಲ. ಬೆಲೆ ಏರಿದ್ದೇ ಮರದಲ್ಲಿ ಕಾಯಿ ಕಡಿಮೆಯಾದದ್ದರಿಂದ. 2023ರ ಬರ, ನುಸಿ, ಕಪ್ಪುತಲೆ ಹುಳು, ಬಿಳಿನೊಣ ಎಲ್ಲವೂ ತೋಟಗಳನ್ನು ಹಿಂಡಿದ್ದವು. ಎಳನೀರಿಗೆ ಒಳ್ಳೆಯ ಬೆಲೆ ಬಂದಾಗ ಕೊಯ್ದು ಕೊಟ್ಟವರ ತೋಟದಲ್ಲಿ ಬಲಿಯಲು ಕಾಯಿ ಉಳಿದಿರಲಿಲ್ಲ. ಅಟ್ಟದಲ್ಲಿ ಕಾಯಿ ಇಟ್ಟುಕೊಂಡು ಕಾಯುವ ತ್ರಾಣ ಇದ್ದವರಿಗೆ ದರ ದಕ್ಕಿತು. ಸಾಲಕ್ಕೆ ಹೆದರಿ ಮೊದಲೇ ಮಾರಿದವರಿಗೆ ದಕ್ಕಲಿಲ್ಲ.

ಹೋಟೆಲಿನವನಿಗಂತೂ ಅಟ್ಟದ ಮಾತೇ ಇಲ್ಲ. ಚಟ್ನಿಗೆ ಬೇಕಾದದ್ದು ಅಂದಂದಿನ ಹಸಿ ಕಾಯಿ, ಅದೂ ಅಂದಂದಿನ ದರಕ್ಕೆ.