ಸಕ್ಕರೆಯ ಆರತಿ

ದೀಪಾವಳಿಯ ಹಣತೆಗಳು ಆರಿ ಹದಿನೈದು ದಿನ ಕಳೆಯುವಷ್ಟರಲ್ಲಿ ಕಾರ್ತಿಕ ಶುದ್ಧ ಪೌರ್ಣಿಮೆ ಬರುತ್ತದೆ. ಉತ್ತರ ಕರ್ನಾಟಕದವರಿಗೆ ಅದು ಗೌರಿ ಹುಣ್ಣಿಮೆ. ಮೈಸೂರು ಸೀಮೆಯ ವಾಚಕರು ಇದನ್ನು ಭಾದ್ರಪದದ ಗೌರೀ ಹಬ್ಬದೊಡನೆ ಬೆರೆಸಬಾರದು. ಇದು ಬೇರೆ, ಇದರ ಸಡಗರವೂ ಬೇರೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ದುಂಡಸಿ, ಶಿಗ್ಗಾವಿ, ಹಾನಗಲ್ಲು, ಸವಣೂರುಗಳ ಸೀಮೆಯಲ್ಲಿ ಈ ಹಬ್ಬಕ್ಕೆ ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು, ತಟ್ಟೆಯಲ್ಲಿ ದೀಪದ ಸುತ್ತ ಸಕ್ಕರೆಯ ಗೊಂಬೆಗಳನ್ನು ಜೋಡಿಸಿಕೊಂಡು ಗೌರಿಯನ್ನು ಬೆಳಗಲು ಹೊರಡುತ್ತಾರೆ. ನವಿಲು, ಗಿಳಿ, ಆನೆ, ತೇರು, ಕಳಸ, ಬಸವಣ್ಣ, ಹೀಗೆ ಅಂಗೈಯಗಲದ ಒಂದು ಲೋಕವೇ ತಟ್ಟೆಯಲ್ಲಿ ನೆರೆದಿರುತ್ತದೆ. ಅದೇ ಸಕ್ಕರೆ ಆರತಿ.

ಮದುವೆ ಗೊತ್ತಾದ ಕನ್ಯೆಯಿರುವ ಮನೆಯಲ್ಲಿ ಈ ಹುಣ್ಣಿಮೆಯ ಬಿಸಿ ಮತ್ತಷ್ಟು. ವರನ ಕಡೆಯವರು ಸೀರೆ, ಕುಪ್ಪಸ, ಹೂವಿನ ದಂಡೆಯ ಜೊತೆಗೆ ಸಕ್ಕರೆ ಆರತಿಯನ್ನೂ ಹೊತ್ತು ಬರುತ್ತಾರೆ. ಅತ್ತೆಯಾಗುವವಳ ಕೈಗುಣವನ್ನು ಸೊಸೆಯಾಗುವವಳು ಮೊದಲು ಕಾಣುವುದು ಆ ತಟ್ಟೆಯಲ್ಲಿ. ಸೀರೆಯನ್ನು ಅಂಗಡಿಯಲ್ಲಿ ಕೊಳ್ಳಬಹುದು. ಗಿಳಿಯ ಕೊಕ್ಕು ಮುಕ್ಕಾಗದಂತೆ ತೆಗೆಯುವುದಕ್ಕೆ ಮಾತ್ರ ಅಭ್ಯಾಸವೇ ಬೇಕು.

ಸಾಮಗ್ರಿ ಅತ್ಯಲ್ಪ. ಒಂದು ಕಿಲೋ ಸಕ್ಕರೆ, ಅದು ಮುಳುಗುವಷ್ಟು ನೀರು, ಎರಡು ಚಮಚ ಹಾಲು. ಪಾಕ ಕುದಿಯತೊಡಗಿದಾಗ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯೊಡನೆ ಮೇಲೇಳುತ್ತದೆ. ಅದನ್ನು ತೆಗೆದು ತೆಳ್ಳನೆಯ ಬಟ್ಟೆಯಲ್ಲಿ ಸೋಸಿದರೆ ಗೊಂಬೆ ಬೆಳ್ಳಗಾಗುತ್ತದೆ. ಕೆಲವರು ನಿಂಬೆರಸವನ್ನು ಹಿಂಡುವುದುಂಟು. ಅದು ಹೆಚ್ಚಾದರೆ ಸಕ್ಕರೆ ಹರಳುಗಟ್ಟಲಾರದೆ ಅಂಟಾಗಿಯೇ ಉಳಿಯುತ್ತದೆ. ಮೊದಲೇ ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯಬೇಕು. ನೆನೆಯದ ಅಚ್ಚು ಸಕ್ಕರೆಯನ್ನು ಬಿಟ್ಟುಕೊಡುವುದಿಲ್ಲ.

ಇನ್ನು ಮುಂದಿನದೇ ನಿಜವಾದ ಪರೀಕ್ಷೆ. ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಚಿಕ್ಕ ಬೋಗುಣಿಗೆ ಹಾಕಿ ಎಳೆ ಬರುವವರೆಗೆ ಕಾಯಿಸಿ, ಬಿಡದೆ ತಿರುವಬೇಕು. ತಿಳಿಯಾಗಿದ್ದ ಪಾಕ ಅಂಚಿನಲ್ಲಿ ಬೆಳ್ಳಗಾಗಿ ಮಂಜುಗಟ್ಟಿದಂತೆ ಕಂಡೊಡನೆ ಅಚ್ಚಿನ ಬಾಯಿಗೆ ಸುರಿಯಬೇಕು. ಮೊದಲೇ ಸುರಿದರೆ ಸಂದಿನಿಂದ ಸೋರಿಹೋಗುತ್ತದೆ. ಕ್ಷಣಕಾಲ ತಡಮಾಡಿದರೆ ಬೋಗುಣಿಯಲ್ಲಿಯೇ ಕಲ್ಲಾಗುತ್ತದೆ. ಎರಡಕ್ಕೂ ಪರಿಹಾರ ಉಂಟು: ನೀರು ಹಾಕಿ ಕರಗಿಸಿ ಮತ್ತೆ ಆರಂಭಿಸುವುದು. ಇಷ್ಟು ಕ್ಷಮಾಗುಣವುಳ್ಳ ಪದಾರ್ಥ ಅಡಿಗೆಮನೆಯಲ್ಲಿ ಮತ್ತೊಂದು ಇರಲಾರದು.

ಇದರ ರಹಸ್ಯವನ್ನು ರಸಾಯನಶಾಸ್ತ್ರವು ಸರಳವಾಗಿ ಬಿಡಿಸುತ್ತದೆ. 100 ಗ್ರಾಂ ನೀರು 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ಹೊತ್ತಿಗೆ 480 ಗ್ರಾಂಗೂ ಮಿಕ್ಕು. ಎಳೆಪಾಕದ ಶಾಖ 106ರಿಂದ 112 ಡಿಗ್ರಿಯ ನಡುವೆ. ಆ ಪಾಕವು ತಣಿಯುತ್ತ ಬಂದಂತೆ ತನ್ನಲ್ಲಿ ಹಿಡಿಸಲಾರದಷ್ಟು ಸಕ್ಕರೆಯನ್ನು ಹೊತ್ತು ತಡವರಿಸುತ್ತಿರುತ್ತದೆ. ಕೈ ತಿರುವಿದೊಡನೆ ಅಸಂಖ್ಯ ಸಣ್ಣ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಆ ಬಿಳುಪು ಹರಳುಗಳದೇ. ಅಜ್ಜಿಯಂದಿರು ಇದನ್ನೆಲ್ಲ ಓದದೆಯೇ ಸೌಟಿನ ಭಾರದಿಂದ ಅರಿತಿದ್ದರು.

ಹತ್ತು ನಿಮಿಷದ ಮೇಲೆ ದಾರ ಬಿಚ್ಚಿದಾಗ ಮನೆಯ ಮಕ್ಕಳೆಲ್ಲ ಸುತ್ತ ಕುಳಿತಿರುತ್ತಾರೆ. ಅವರಿಗೆ ಬೇಕಾದುದು ಇಡಿಯ ಆನೆಯಲ್ಲ, ಸೊಂಡಿಲು ಮುರಿದ ಆನೆ!

ಇಂಥ ಸಂಭ್ರಮ ನಮ್ಮವರಿಗೇ ಮೀಸಲಲ್ಲ. ಜರ್ಮನಿಯ ನ್ಯೂರೆಂಬರ್ಗ್, ಪೋಲೆಂಡಿನ ತೊರೂನ್ ನಗರಗಳು ಶುಂಠಿ, ಲವಂಗ, ಜೇನು ಬೆರೆಸಿದ ಬಿಸ್ಕತ್ತುಗಳಿಗೆ ಹೆಸರಾಗಿವೆ. ಕೆತ್ತಿದ ಕಟ್ಟಿಗೆಯ ಅಚ್ಚಿನಲ್ಲಿ ಕಣಕವನ್ನು ಒತ್ತಿ ರೂಪ ಕೊಡುವುದು ಅಲ್ಲಿಯ ಹಳೆಯ ರೂಢಿ. ಕ್ರಿಸ್‌ಮಸ್ ಸಮಯದಲ್ಲಿ ಪಾಶ್ಚಾತ್ಯ ಮನೆಗಳಲ್ಲಿ ತಾಯಿ ಮಕ್ಕಳು ಕೂಡಿ ಅಂಥ ಬಿಸ್ಕತ್ತಿನ ಗೊಂಬೆಗಳಿಗೆ ಸಕ್ಕರೆಯ ಕಣ್ಣು, ಗುಂಡಿ ಬರೆಯುತ್ತಾರೆ. ಅವರದು ಒಲೆಯಲ್ಲಿ ಬೆಂದ ಗೊಂಬೆ, ನಮ್ಮದು ಪಾಕದಲ್ಲಿ ಹುಟ್ಟಿದ ಗೊಂಬೆ. ನಮ್ಮ ಹಳೆಯ ಮೈಸೂರಿನ ಸೋದರಿಯರೂ ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ಬೀರುವ ಸಕ್ಕರೆ ಅಚ್ಚನ್ನು ಹೀಗೆಯೇ ಮಾಡುತ್ತಾರೆ.

ಈಗ ಹಬ್ಬ ಹತ್ತಿರವಾದಂತೆ ಸಂತೆಯಲ್ಲಿ, ಪೇಟೆಯಲ್ಲಿ ಸಿದ್ಧ ಆರತಿಗಳ ರಾಶಿಯೇ ಬೀಳುತ್ತದೆ. ಕೆಲಸಕ್ಕೆ ಹೋಗುವ ಗೃಹಿಣಿ ಅದನ್ನು ಕೊಂಡರೆ ಆಕ್ಷೇಪಿಸುವುದು ಅನ್ಯಾಯ. ಆದರೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಬಗ್ಗೆ ಎಚ್ಚರ ಬೇಡವೇ? 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣದ ಬಳಕೆಯನ್ನು ನಿಷೇಧಿಸಿತು. ಅದು ಬಟ್ಟೆಗೆ ಹಾಕತಕ್ಕ ಬಣ್ಣ, ಹೊಟ್ಟೆಗೆ ಹಾಕತಕ್ಕದ್ದಲ್ಲ. ಮನೆಯಲ್ಲಿ ಮಾಡುವವರಿಗೆ ಹಾಲಿನಲ್ಲಿ ನೆನೆಸಿದ ಕೇಸರಿ, ನಾಲ್ಕು ಹನಿ ಬೀಟ್‌ರೂಟ್ ರಸ ಸಾಕು. ಬಣ್ಣ ತುಸು ಮಂಕಾದೀತು, ಆಗಲಿ. ಏನೂ ಹಾಕದ ಬಿಳಿಯ ನವಿಲಿನ ಅಂದವೇ ಬೇರೆ.

ಕಳೆದುಹೋಗುತ್ತಿರುವುದು ಅಚ್ಚುಗಳು. ಜೋಡಿಯಲ್ಲಿ ಒಂದು ಹೋಳು ಕಾಣೆಯಾದರೆ ಉಳಿದದ್ದು ಬರಿಯ ಕಟ್ಟಿಗೆ. ಅಟ್ಟದ ಮೇಲೆ ಅಜ್ಜಿಯ ಕಾಲದ ಅಚ್ಚು ಇರುವವರು ಹುಣ್ಣಿಮೆಗೆ ವಾರ ಮುಂಚೆಯೇ ಅದನ್ನು ಇಳಿಸಿ, ಹುಳು ಹಿಡಿದಿದೆಯೇ ಎಂದು ನೋಡಿ, ಕುಂಚದಿಂದ ಗೆರೆಗಳ ಸಂದಿಯ ಹಳೆಯ ಸಕ್ಕರೆಯನ್ನು ಬಿಸಿನೀರಿನಲ್ಲಿ ತೊಳೆದಿಡಬೇಕು. ಹಬ್ಬ ಮುಗಿದ ಮೇಲೆ ನೆರಳಿನಲ್ಲಿ ಒಣಗಿಸಿ, ಎರಡು ಹೋಳುಗಳನ್ನೂ ಒಂದೇ ದಾರದಲ್ಲಿ ಕಟ್ಟಿಡುವುದು ಲೇಸು. ಬಿಸಿಲಿಗೆ ಇಟ್ಟರೆ ಕಟ್ಟಿಗೆ ಸೀಳುತ್ತದೆ, ನವಿಲಿನ ಕೊರಳಲ್ಲೇ ಮೊದಲು.