ನಿಮಗಿದು ಗೊತ್ತೆ? ಕಲ್ಪನೆಯ ಲೋಕದಲ್ಲೂ ಯುದ್ಧದ ಪರ–ವಿರೋಧ

ಅಮೆರಿಕದ ವೈಜ್ಞಾನಿಕ ಕಥಾ ಪತ್ರಿಕೆ ‘ಗ್ಯಾಲಕ್ಸಿ’ಯ 1968ರ ಜೂನ್ ಸಂಚಿಕೆಯಲ್ಲಿ ಎರಡು ಜಾಹೀರಾತುಗಳು ಎದುರುಬದುರು ಅಚ್ಚಾದವು. ಎರಡರಲ್ಲೂ ಇದ್ದದ್ದು ಲೇಖಕರ ಹೆಸರುಗಳೇ. ವಿಯೆಟ್ನಾಂ ಯುದ್ಧ ಮುಂದುವರಿಯಲಿ ಎಂದವರು ರಾಬರ್ಟ್ ಹೈನ್‌ಲೈನ್, ಲ್ಯಾರಿ ನಿವೆನ್ ಮುಂತಾದವರು. ಬೇಡವೆಂದವರಲ್ಲಿ ಐಸಾಕ್ ಅಸಿಮೊವ್, ರೇ ಬ್ರಾಡ್‌ಬರಿ, ಅರ್ಸುಲಾ ಲೆ ಗ್ವಿನ್ ಇದ್ದರು.

ವೈಜ್ಞಾನಿಕ ಕಥೆ ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಹೈನ್‌ಲೈನ್ ಅವರ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ಕಾದಂಬರಿಯಲ್ಲಿ ಮತದ ಹಕ್ಕು ಸಿಗುವುದು ಸರ್ಕಾರಿ ಸೇವೆ ಮುಗಿಸಿದವರಿಗೆ ಮಾತ್ರ. ಕಥಾನಾಯಕ ಸೇನೆ ಸೇರುತ್ತಾನೆ. ಇದಕ್ಕೆ ಎದುರಾಗಿ, ವಿಯೆಟ್ನಾಂನಲ್ಲಿ ಗಾಯಗೊಂಡು ಮರಳಿದ ಜೋ ಹಾಲ್ಡ್‌ಮನ್ ಬರೆದ ‘ದ ಫಾರೆವರ್ ವಾರ್’ (1974) ಕಾದಂಬರಿಯಲ್ಲಿ ಶತಮಾನಗಳ ಅಂತರಿಕ್ಷ ಯುದ್ಧಕ್ಕೆ ಕಾರಣ ಬರೀ ತಪ್ಪುತಿಳಿವಳಿಕೆ. ಓದುಗರ ಮತದಿಂದ ನಿರ್ಧಾರವಾಗುವ ಹ್ಯೂಗೊ ಪ್ರಶಸ್ತಿ ಎರಡೂ ಕಾದಂಬರಿಗಳಿಗೆ ಬಂದಿದೆ.