ಸರದಿಗಳ ನಡುವೆ ನಕ್ಷತ್ರಚಿಹ್ನೆ

ದೊಡ್ಡ ಸಂಸ್ಥೆಯೊಂದರಲ್ಲಿ ದುಡಿಯುವವನು ತನ್ನ ಕಂಪ್ಯೂಟರ್ ಕೆಟ್ಟಿತೆಂದೋ, ಪಾಸ್‌ವರ್ಡ್ ಮರೆತುಹೋಯಿತೆಂದೋ, ಸಂಬಳದ ಚೀಟಿಯಲ್ಲಿ ತಪ್ಪು ಕಾಣಿಸಿತೆಂದೋ ಹೆಲ್ಪ್ ಡೆಸ್ಕಿಗೆ ನಾಲ್ಕು ಸಾಲು ಬರೆದು ಕಳುಹಿಸಿದ ಕ್ಷಣದಲ್ಲಿಯೇ ಅವನ ಕಷ್ಟವು ಒಂದು ಸಂಖ್ಯೆಯನ್ನು ಪಡೆದು, ಟಿಕೆಟ್ ಎಂಬ ಹೆಸರಿನ ಪುಟ್ಟ ಕಡತವಾಗಿ ಮಾರ್ಪಟ್ಟು, ತನಗೆ ತಕ್ಕದ್ದೆಂದು ಗೊತ್ತುಮಾಡಿದ ಒಂದು ಸರದಿಯಲ್ಲಿ ಹೋಗಿ ನಿಲ್ಲುತ್ತದೆ. ಈ ಸರದಿಯನ್ನೇ ಆ ವೃತ್ತಿಯವರು ಕ್ಯೂ ಎನ್ನುವರು. ಜಾಲಸಂಪರ್ಕಕ್ಕೆ ಒಂದು ಕ್ಯೂ, ಲೆಕ್ಕಪತ್ರಕ್ಕೆ ಒಂದು, ಕಟ್ಟಡದ ದುರಸ್ತಿಗೆ ಮತ್ತೊಂದು. ಬರೆದವನಿಗೆ ಇದಾವುದೂ ಕಾಣದು; ತಾನು ಬರೆದುದನ್ನು ಯಾರೋ ಓದುತ್ತಾರೆಂಬ ನಂಬಿಕೆಯೊಂದಿಗೆ ಅವನು ಕಾದಿರುತ್ತಾನೆ. ಆ ನಂಬಿಕೆಯನ್ನು ಉಳಿಸುವ ಹೊಣೆಯು ಸರದಿಗಳನ್ನು ನೋಡಿಕೊಳ್ಳುವವರ ಮೇಲೆ ಬೀಳುವುದರಿಂದ, ಅವರು ಅವುಗಳನ್ನು ಹೇಗೆ ಹುಡುಕಿ ನೋಡುತ್ತಾರೆಂಬ ವಿಷಯವು ಕೇವಲ ತಂತ್ರಜ್ಞರ ಆಸಕ್ತಿಗೆ ಮೀಸಲಾದುದಲ್ಲ.

ಇಂಥ ತಂತ್ರಾಂಶಗಳಲ್ಲಿ ಹಳೆಯದೂ ಬಹುಜನರು ಬಲ್ಲದ್ದೂ ಆದ ರಿಕ್ವೆಸ್ಟ್ ಟ್ರ್ಯಾಕರ್ ಎಂಬುದು ಹುಟ್ಟಿದುದು 1996ರಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ವಿದ್ಯಾರ್ಥಿಯಾಗಿದ್ದ ಜೆಸ್ಸಿ ವಿನ್ಸೆಂಟ್ ಅದನ್ನು ರಚಿಸಿದನು. ಅದನ್ನು ಹೊಸದಾಗಿ ಸ್ಥಾಪಿಸಿದಾಗ ಜನರಲ್ ಎಂಬ ಸಾಮಾನ್ಯ ಕ್ಯೂ ತಾನಾಗಿಯೇ ಸಿದ್ಧವಾಗಿರುತ್ತದೆ. ಸಂಸ್ಥೆಯು ಬೆಳೆದಂತೆ ಕ್ಯೂಗಳೂ ಬೆಳೆಯುತ್ತವೆ. ಹತ್ತಾಗುತ್ತವೆ, ಐವತ್ತಾಗುತ್ತವೆ, ಬಹುಶಾಖೆಗಳುಳ್ಳ ಸಂಸ್ಥೆಗಳಲ್ಲಿ ನೂರನ್ನು ದಾಟುತ್ತವೆ. ಅಷ್ಟೂ ಹೆಸರುಗಳನ್ನು ಪ್ರತಿದಿನ ಬೆಳಿಗ್ಗೆ ಒಂದೊಂದಾಗಿ ತೆರೆದು ನೋಡುವುದು ಮನುಷ್ಯಸಾಧ್ಯವಾದರೂ ಉಚಿತವಲ್ಲ. ವೈಲ್ಡ್‌ಕಾರ್ಡ್ ಎಂಬ ಉಪಾಯವು ನೆರವಿಗೆ ಬರುವುದು ಇಲ್ಲಿಯೇ.

ವೈಲ್ಡ್‌ಕಾರ್ಡ್ ಎಂದರೆ ಹುಡುಕುವ ಪದದಲ್ಲಿ ನಮಗೆ ತಿಳಿಯದ ಅಥವಾ ನಾವು ಲೆಕ್ಕಿಸದ ಭಾಗದ ಸ್ಥಾನದಲ್ಲಿ ನಿಲ್ಲಿಸುವ ಚಿಹ್ನೆ. ಅದು ಸಾಧಾರಣವಾಗಿ * ಎಂಬ ನಕ್ಷತ್ರ, ಇಲ್ಲವೇ ? ಎಂಬ ಪ್ರಶ್ನಚಿಹ್ನೆ. ಮೊದಲನೆಯದು ಎಷ್ಟು ಅಕ್ಷರಗಳಿಗಾದರೂ, ಅಕ್ಷರವೇ ಇಲ್ಲದಿರುವಿಕೆಗೂ, ಒಪ್ಪುತ್ತದೆ; ಎರಡನೆಯದು ಒಂದೇ ಒಂದು ಅಕ್ಷರಕ್ಕೆ ಮಾತ್ರ ಒಪ್ಪುತ್ತದೆ. ಒಂದು ವಿಶ್ವವಿದ್ಯಾಲಯದ ಹೆಲ್ಪ್ ಡೆಸ್ಕಿನಲ್ಲಿ 'ನೆಟ್ವರ್ಕ್-ಹಾಸ್ಟೆಲ್', 'ನೆಟ್ವರ್ಕ್-ಗ್ರಂಥಾಲಯ', 'ವಿದ್ಯುತ್-ಹಾಸ್ಟೆಲ್', 'ನೀರು-ಹಾಸ್ಟೆಲ್', 'ಪರೀಕ್ಷೆ-ಅಂಕಪಟ್ಟಿ' ಎಂಬ ಕ್ಯೂಗಳಿವೆಯೆಂದು ಭಾವಿಸೋಣ. ಜಾಲವನ್ನು ನೋಡಿಕೊಳ್ಳುವ ಎಂಜಿನಿಯರು 'ನೆಟ್ವರ್ಕ್-*' ಎಂದು ಬರೆದರೆ ಅವನಿಗೆ ಸಂಬಂಧಿಸಿದ ಎರಡೂ ಸರದಿಗಳು ಒಟ್ಟಿಗೆ ಕಣ್ಣೆದುರಿಗೆ ಬರುತ್ತವೆ. ಹಾಸ್ಟೆಲಿನ ವಾರ್ಡನ್ನರು '*-ಹಾಸ್ಟೆಲ್' ಎಂದು ಬರೆದರೆ ಜಾಲ, ವಿದ್ಯುತ್ತು, ನೀರು ಎಂಬ ಭೇದವಿಲ್ಲದೆ ತಮ್ಮ ಛಾವಣಿಯ ಕೆಳಗಿನ ದೂರುಗಳೆಲ್ಲವೂ ದೊರೆಯುತ್ತವೆ. ಒಂದೇ ಸಂಗ್ರಹವನ್ನು ಇಬ್ಬರು ಎರಡು ದಿಕ್ಕಿನಿಂದ ನೋಡಲು ಸಾಧ್ಯವಾದುದು ಹೆಸರಿಟ್ಟವನ ವಿವೇಕದಿಂದ ಎಂಬುದನ್ನು ಗಮನಿಸಬೇಕು. ಯಾವನೋ ಆತುರಗಾರನು ಒಂದನ್ನು 'ಹಾಸ್ಟೆಲ್ ವೈಫೈ' ಎಂದೂ ಇನ್ನೊಂದನ್ನು 'ನೆಟ್ ಲೈಬ್ರರಿ' ಎಂದೂ ಕರೆದಿದ್ದರೆ ನಕ್ಷತ್ರಚಿಹ್ನೆಗೆ ಹಿಡಿಯಲು ಆಧಾರವೇ ಇರುತ್ತಿರಲಿಲ್ಲ. ಹುಡುಕುವಾಗಿನ ಜಾಣ್ಮೆಗಿಂತ ನಾಮಕರಣದಲ್ಲಿನ ಶಿಸ್ತು ಹೆಚ್ಚು ಬೆಲೆಯುಳ್ಳದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಚಿಹ್ನೆಗಳ ಪೂರ್ವೇತಿಹಾಸವು ಕುತೂಹಲಕರವಾದುದು. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ನರಜಾಲಗಳ ಗಣಿತಮಾದರಿಯನ್ನು ವಿವೇಚಿಸುತ್ತ, ಒಂದು ಘಟನೆಯು ಎಷ್ಟು ಬಾರಿಯಾದರೂ ಪುನರಾವರ್ತಿಸಬಹುದೆಂಬ ಭಾವವನ್ನು ಗಣಿತದ ಭಾಷೆಗೆ ತಂದನು. ಇಂದು ಆ ಭಾವವನ್ನು ಸೂಚಿಸುವ ನಕ್ಷತ್ರವು ಅವನ ಹೆಸರನ್ನೇ ಹೊತ್ತಿದೆ. ಕೆನ್ ಥಾಂಪ್ಸನ್ 1968ರಲ್ಲಿ ಅಂಥ ನಿಯಮಗಳಿಂದ ಪಠ್ಯವನ್ನು ಹುಡುಕುವ ಕ್ರಮವನ್ನು ಪ್ರಕಟಿಸಿದನು. 1971ರ ಯುನಿಕ್ಸ್ ವ್ಯವಸ್ಥೆಯಲ್ಲಿ ಕಡತಗಳ ಹೆಸರನ್ನು ನಕ್ಷತ್ರದಿಂದಲೂ ಪ್ರಶ್ನಚಿಹ್ನೆಯಿಂದಲೂ ಸೂಚಿಸುವುದಕ್ಕೆ ಗ್ಲಾಬ್ ಎಂಬ ಪ್ರತ್ಯೇಕ ಕಾರ್ಯಕ್ರಮವೇ ಇತ್ತು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಐಬಿಎಂ ಸಂಸ್ಥೆಯಲ್ಲಿದ್ದು 1974ರಲ್ಲಿ ಬೆಳಕಿಗೆ ತಂದ ಡೇಟಾಬೇಸ್ ಭಾಷೆಯ ಪರಂಪರೆಯಲ್ಲಾದರೋ ನಕ್ಷತ್ರದ ಕಾರ್ಯವನ್ನು % ಎಂಬ ಶೇಕಡಾ ಚಿಹ್ನೆಯೂ, ಪ್ರಶ್ನಚಿಹ್ನೆಯ ಕಾರ್ಯವನ್ನು _ ಎಂಬ ಅಡಿಗೆರೆಯೂ ವಹಿಸಿಕೊಂಡಿವೆ.

ಹೀಗೆ ಬೇರೆ ಬೇರೆ ಮನೆತನಗಳಿಂದ ಬಂದ ಚಿಹ್ನೆಗಳಾದುದರಿಂದ ಒಂದೆಡೆ ಕಲಿತದ್ದು ಇನ್ನೊಂದೆಡೆ ಸಲ್ಲುವುದೆಂಬ ಭರವಸೆಯಿಲ್ಲ. ಕ್ಲೀನಿಯ ಪರಂಪರೆಯ ನಕ್ಷತ್ರವು ತನ್ನ ಹಿಂದಿನ ಅಕ್ಷರವನ್ನು ಆವರ್ತಿಸುತ್ತದೆಯೇ ಹೊರತು ತಾನೇ ಯಾವುದಕ್ಕೂ ಪ್ರತಿನಿಧಿಯಲ್ಲ. ರಿಕ್ವೆಸ್ಟ್ ಟ್ರ್ಯಾಕರಿನಲ್ಲಿ ವಿಷಯದ ಸಾಲನ್ನು 'ಲೈಕ್' ಎಂಬ ಕ್ರಿಯೆಯಿಂದ ಹುಡುಕಿದಾಗ, ಕೊಟ್ಟ ಪದದ ಹಿಂದೆ ಮುಂದೆ ಏನಿದ್ದರೂ ಸರಿ ಎಂದು ತಂತ್ರಾಂಶವೇ ಗ್ರಹಿಸಿಕೊಳ್ಳುತ್ತದೆ. ಅಲ್ಲಿ ನಕ್ಷತ್ರವನ್ನು ಬರೆದವನು ನಿಜವಾದ ನಕ್ಷತ್ರಚಿಹ್ನೆಯುಳ್ಳ ವಿಷಯವನ್ನೇ ಹುಡುಕಿದಂತಾಗಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಕ್ಯೂಗಳ ಹೆಸರಿನಲ್ಲಿ ಅಡಿಗೆರೆಯನ್ನು ಬಳಸುವ ರೂಢಿಯೂ ಇಂಥದೇ ತೊಡಕನ್ನು ತರುತ್ತದೆ. 'ಐಟಿ_ಮೈಸೂರು' ಎಂಬ ಹೆಸರು ಡೇಟಾಬೇಸಿನ ಕಣ್ಣಿಗೆ 'ಐಟಿ, ಯಾವುದಾದರೂ ಒಂದು ಅಕ್ಷರ, ಮೈಸೂರು' ಎಂದೇ ತೋರುವುದರಿಂದ 'ಐಟಿ-ಮೈಸೂರು' ಎಂಬ ಬೇರೆ ಕ್ಯೂ ಕೂಡ ಅದರೊಡನೆ ಸೇರಿ ಬರುತ್ತದೆ.

ಮಾರ್ಟಿನ್ ಎಡೆನ್‌ಹೋಫರ್ 2001ರಲ್ಲಿ ಆರಂಭಿಸಿದ ಒಟಿಆರ್‌ಎಸ್ ಎಂಬ ವ್ಯವಸ್ಥೆಯಲ್ಲಿ ಟಿಕೆಟ್ ಸಂಖ್ಯೆಯ ರಚನೆಯೇ ಈ ಬಗೆಯ ಶೋಧಕ್ಕೆ ಅನುವಾಗಿದೆ. ಅದರ ಒಂದು ಕ್ರಮದಲ್ಲಿ ಸಂಖ್ಯೆಯು ವರ್ಷ, ತಿಂಗಳು, ದಿನಗಳಿಂದ ಆರಂಭವಾಗಿ, ಕ್ರಮಾಂಕ ಮತ್ತು ತಪಾಸಣೆಯ ಅಂಕಿಯಿಂದ ಮುಗಿಯುತ್ತದೆ. ಆದಕಾರಣ '20150715*' ಎಂದು ಬರೆದ ಮಾತ್ರಕ್ಕೆ 2015ರ ಜುಲೈ 15ರಂದು ಬಂದ ಮನವಿಗಳೆಲ್ಲವೂ, '201507*' ಎಂದರೆ ಆ ತಿಂಗಳಿನವೆಲ್ಲವೂ ಹೊರಬರುತ್ತವೆ. ವಿಶಾಲವಾದುದು ಮೊದಲು, ವಿಶಿಷ್ಟವಾದುದು ಅನಂತರ ಎಂಬ ಈ ಕ್ರಮವನ್ನು ಕ್ಯೂಗಳ ಹೆಸರಿಗೂ ಅನ್ವಯಿಸಿದ ಸಂಸ್ಥೆಗಳು ಬಹುಕಾಲ ನೆಮ್ಮದಿಯಿಂದಿರುತ್ತವೆ.

ನಕ್ಷತ್ರವನ್ನು ಪದದ ಆದಿಯಲ್ಲಿಡುವುದಕ್ಕೂ ಅಂತ್ಯದಲ್ಲಿಡುವುದಕ್ಕೂ ಇರುವ ವ್ಯತ್ಯಾಸವು ಹೊರನೋಟಕ್ಕೆ ಅಲ್ಪ; ಯಂತ್ರಕ್ಕೆ ಮಹತ್ತರ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲರ ನಿಘಂಟನ್ನು ಕೈಗೆತ್ತಿಕೊಂಡು 'ನೆ' ಎಂಬ ಅಕ್ಷರದಿಂದ ಮೊದಲಾಗುವ ಪದಗಳನ್ನು ಕೇಳಿದರೆ ಕ್ಷಣದಲ್ಲಿ ಆ ಪುಟಕ್ಕೆ ಹೋಗಬಹುದು. 'ನೆ' ಎಂಬುದರಿಂದ ಕೊನೆಗೊಳ್ಳುವ ಪದಗಳನ್ನು ಕೇಳಿದರೆ ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುವುದಲ್ಲದೆ ಗತ್ಯಂತರವಿಲ್ಲ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್ ಸಂಸ್ಥೆಯಲ್ಲಿದ್ದಾಗ 1970ರ ಸುಮಾರಿಗೆ ರೂಪಿಸಿದ, ಇಂದಿಗೂ ಬಹುಪಾಲು ಡೇಟಾಬೇಸುಗಳಿಗೆ ಆಧಾರವಾಗಿರುವ ಬಿ-ಟ್ರೀ ಎಂಬ ಸೂಚಿಯೂ ಪದಗಳನ್ನು ಹೀಗೆ ಆದ್ಯಕ್ಷರದ ಕ್ರಮದಲ್ಲಿಯೇ ಇಟ್ಟುಕೊಂಡಿರುವುದರಿಂದ, ನಕ್ಷತ್ರವು ತಲೆಯಲ್ಲಿ ಬಂದೊಡನೆ ಅದು ನಿರುಪಯುಕ್ತವಾಗಿ, ಸರ್ವರು ಲಕ್ಷಾಂತರ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಬೇಕಾಗುತ್ತದೆ. ಡಗ್ ಕಟಿಂಗ್ 1999ರಲ್ಲಿ ರಚಿಸಿದ ಲೂಸೀನ್ ಎಂಬ ಶೋಧತಂತ್ರಾಂಶವು ಈ ಕಾರಣದಿಂದಲೇ ತಲೆಯಲ್ಲಿನ ನಕ್ಷತ್ರವನ್ನು ಸಹಜಸ್ಥಿತಿಯಲ್ಲಿ ನಿರಾಕರಿಸುತ್ತದೆ. ಕ್ಯೂಗಳ ಹೆಸರುಗಳು ನೂರೋ ಇನ್ನೂರೋ ಆದುದರಿಂದ ಅಲ್ಲಿ '*-ಹಾಸ್ಟೆಲ್' ಎಂದರೆ ನಷ್ಟವೇನೂ ಇಲ್ಲ. ಟಿಕೆಟುಗಳ ಒಳಗಿನ ಬರಹವನ್ನು ಹಾಗೆ ಹುಡುಕಿದರೆ ಮಾತ್ರ ಕಾಯಬೇಕಾಗುತ್ತದೆ.

ಅಲ್ಲದೆ ಎರಡೂ ಬದಿಗೆ ನಕ್ಷತ್ರವನ್ನು ಹಚ್ಚುವ ಅಭ್ಯಾಸವು ಅರ್ಥವನ್ನೂ ಕೆಡಿಸುತ್ತದೆ. ಜಾಲದ ದೂರುಗಳಿಗಾಗಿ '*ನೆಟ್*' ಎಂದು ಹುಡುಕಿದವನಿಗೆ ನೆಟ್ವರ್ಕಿನೊಡನೆ ಇಂಟರ್ನೆಟ್ಟೂ ಬರುವುದು ಇಷ್ಟವೇ. ಆದರೆ ಬೀಗ ಕೆಟ್ಟ ಕ್ಯಾಬಿನೆಟ್ಟಿನ ದೂರೂ ಅವುಗಳ ಸಾಲಿನಲ್ಲಿ ಬಂದು ನಿಲ್ಲುತ್ತದೆ.

ಕನ್ನಡದಲ್ಲಿ ಬರೆದ ಮನವಿಗಳನ್ನು ಹುಡುಕುವವರಿಗೆ ಇನ್ನೂ ಸೂಕ್ಷ್ಮವಾದ ಎಚ್ಚರವು ಬೇಕು, ಮತ್ತು ಈ ವಿಷಯವನ್ನು ಹೇಳಿಕೊಡುವವರು ವಿರಳ. ನಮ್ಮ ಕಣ್ಣಿಗೆ 'ಕ್ಷೇತ್ರ' ಎಂಬುದು ಎರಡೇ ಅಕ್ಷರ. ಯುನಿಕೋಡಿನ ಲೆಕ್ಕದಲ್ಲಿ ಅದು ಕಕಾರ, ಅದರ ಅರ್ಧಚಿಹ್ನೆ, ಷಕಾರ, ಏತ್ವ, ತಕಾರ, ಮತ್ತೊಂದು ಅರ್ಧಚಿಹ್ನೆ, ರಕಾರ ಎಂಬ ಏಳು ಘಟಕಗಳು. ಸಾಮಾನ್ಯವಾಗಿ ಪ್ರಶ್ನಚಿಹ್ನೆಯು ಒಪ್ಪುವುದು ಇಂಥ ಒಂದು ಘಟಕಕ್ಕೇ ಹೊರತು ನಾವು ಉಚ್ಚರಿಸುವ ಅಕ್ಷರಕ್ಕಲ್ಲ. 'ವಿಷಯ' ಎಂಬ ಪದವನ್ನು 'ವಿ?ಯ' ಎಂಬ ಮಾದರಿಯು ಹಿಡಿಯುತ್ತದೆ. 'ಪತ್ರ' ಎಂಬುದನ್ನು ಹಿಡಿಯಲು 'ಪ?ರ' ಸಾಲದು, 'ಪ??ರ' ಬೇಕು. ಪ್ರತ್ಯಯಗಳ ವಿಷಯವು ಇದಕ್ಕಿಂತ ಮುಖ್ಯ. ನಮ್ಮವರು ದೂರು ಬರೆಯುವಾಗ ಪ್ರಿಂಟರ್, ಪ್ರಿಂಟರನ್ನು, ಪ್ರಿಂಟರಿಗೆ, ಪ್ರಿಂಟರಿನಲ್ಲಿ ಎಂದು ವಿಭಕ್ತಿಯೊಡನೆಯೇ ಬರೆಯುತ್ತಾರಷ್ಟೆ. 'ಪ್ರಿಂಟರ್*' ಎಂದು ಹುಡುಕಿದರೆ ಕೊನೆಯ ಮೂರೂ ತಪ್ಪಿಹೋಗುತ್ತವೆ; ಏಕೆಂದರೆ ವಿಭಕ್ತಿ ಸೇರಿದಾಗ ರಕಾರದ ಮೇಲಿನ ಅರ್ಧಚಿಹ್ನೆಯು ಅಳಿದು ಅಲ್ಲಿ ಸ್ವರವು ಬಂದಿರುತ್ತದೆ. ಅರ್ಧಚಿಹ್ನೆಯನ್ನು ಬಿಟ್ಟು 'ಪ್ರಿಂಟರ*' ಎಂದು ಬರೆದರೆ ನಾಲ್ಕೂ ಸಿಗುತ್ತವೆ. ನಕ್ಷತ್ರವನ್ನು ಪೂರ್ಣ ವ್ಯಂಜನದ ಮೇಲೆ ನಿಲ್ಲಿಸಬೇಕೆಂಬ ಈ ಸಣ್ಣ ನಿಯಮವು ಕನ್ನಡದಲ್ಲಿ ಹುಡುಕುವವರಿಗೆ ದೊಡ್ಡ ಉಪಕಾರಿ.

ಕಣ್ಣಿಗೆ ಬೀಳದ ಇನ್ನೊಂದು ಘಟಕವೂ ಉಂಟು. ಒತ್ತಕ್ಷರವಾಗದಂತೆ ತಡೆಯಲು ಕೆಲವರು ಕೀಲಿಮಣೆಯಿಂದ ಒಂದು ಅದೃಶ್ಯ ಚಿಹ್ನೆಯನ್ನು ಸೇರಿಸಿ 'ಪಾಸ್‌ವರ್ಡ್' ಎಂದು ಬರೆಯುತ್ತಾರೆ. ಕೆಲವರು ಒತ್ತು ಕೊಟ್ಟು 'ಪಾಸ್ವರ್ಡ್' ಎನ್ನುತ್ತಾರೆ. ಮತ್ತೆ ಕೆಲವರು ನಡುವೆ ಜಾಗ ಬಿಡುತ್ತಾರೆ. ಎಷ್ಟೋ ವ್ಯವಸ್ಥೆಗಳಿಗೆ ಇವು ಮೂರು ಬೇರೆ ಬೇರೆ ಪದಗಳು. 'ಪಾಸ*ವರ್ಡ್' ಎಂಬ ಮಾದರಿಯು ಮೂರನ್ನೂ ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಯುನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಬರೆದು ಅಂಟಿಸಿದ ಬರಹವಾದರೆ, ತೆರೆಯ ಮೇಲೆ ಕನ್ನಡದಂತೆ ತೋರಿದರೂ ಒಳಗೆ ರೋಮನ್ ಅಕ್ಷರಗಳೇ ಇರುವುದರಿಂದ, ಯಾವ ಕನ್ನಡ ಮಾದರಿಗೂ ಅದು ದೊರೆಯುವುದಿಲ್ಲ. ಮನವಿಯನ್ನು ಸ್ವೀಕರಿಸುವಾಗಲೇ ಅದನ್ನು ಯುನಿಕೋಡಿಗೆ ಪರಿವರ್ತಿಸುವುದೊಂದೇ ದಾರಿ.

ಹುಡುಕಿ ನೋಡುವುದರಲ್ಲಿ ತಪ್ಪಿದರೆ ಮತ್ತೆ ಹುಡುಕಬಹುದು. ಹುಡುಕಿದುದರ ಮೇಲೆ ಕ್ರಿಯೆ ನಡೆಸುವಾಗ ಆ ಅವಕಾಶವಿರದು. ರಿಕ್ವೆಸ್ಟ್ ಟ್ರ್ಯಾಕರಿನಂಥ ವ್ಯವಸ್ಥೆಗಳಲ್ಲಿ ಶೋಧದ ಫಲವನ್ನೆಲ್ಲ ಒಟ್ಟಿಗೆ ಬದಲಾಯಿಸುವ ಸೌಕರ್ಯವುಂಟು, ಮತ್ತು ಟಿಕೆಟು ಪರಿಹಾರವಾಯಿತೆಂದು ಗುರುತಿಸಿದಾಗ ಮನವಿ ಮಾಡಿದವನಿಗೆ ಆ ಸುದ್ದಿಯು ತಾನಾಗಿಯೇ ಹೋಗುವ ಏರ್ಪಾಡೂ ಉಂಟು. ಪ್ರಯೋಗಕ್ಕಾಗಿ ತೆರೆದಿದ್ದ ಕ್ಯೂಗಳನ್ನು ಮುಚ್ಚಬೇಕೆಂದು 'ಪರೀಕ್ಷೆ*' ಎಂಬ ಮಾದರಿಯಿಂದ ಎಲ್ಲವನ್ನೂ ಆಯ್ದು ಪರಿಹಾರವಾಯಿತೆಂದು ಒತ್ತಿದರೆ, 'ಪರೀಕ್ಷೆ-ಅಂಕಪಟ್ಟಿ'ಯ ಸರದಿಯಲ್ಲಿ ತಮ್ಮ ಅಂಕಗಳ ತಿದ್ದುಪಡಿಗಾಗಿ ಕಾದಿದ್ದ ವಿದ್ಯಾರ್ಥಿಗಳೆಲ್ಲರಿಗೂ ಕೆಲಸವಾಯಿತೆಂಬ ಪತ್ರವು ಹೋಗಿಬಿಡುತ್ತದೆ. ನೌಕರಿಯ ಅರ್ಜಿಗೆ ಅಂಕಪಟ್ಟಿಯನ್ನು ಲಗತ್ತಿಸಬೇಕಾದ ಹುಡುಗಿಗೆ ಅದರಿಂದಾಗುವ ವ್ಯಥೆಯನ್ನು ಯಾವ ಕ್ಷಮಾಪಣೆಯೂ ಪೂರ್ತಿಯಾಗಿ ಅಳಿಸಲಾರದು. ಆದುದರಿಂದ ಮಾದರಿಯು ಎಷ್ಟು ಟಿಕೆಟುಗಳನ್ನು ಹಿಡಿದಿದೆಯೆಂಬ ಸಂಖ್ಯೆಯನ್ನು ಮೊದಲು ಓದಿ, ಕ್ಯೂಗಳ ಹೆಸರನ್ನು ಒಂದು ಕಾಲಮ್ಮಿನಲ್ಲಿ ಇಳಿಸಿಕೊಂಡು ನೋಡಿ, ಅನಂತರ ಕೈಹಾಕುವುದು ಕರ್ತವ್ಯ.

ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಕಾಡುವುದು ಶೋಧವು ಮೌನವಾಗಿ ಬಿಟ್ಟುಬಿಡುವ ಟಿಕೆಟುಗಳ ವಿಚಾರ. ಬೇಡದ್ದು ಬಂದರೆ ಕಾಣುತ್ತದೆ. ಬೇಕಾದದ್ದು ಬಾರದಿದ್ದರೆ ಕಾಣುವುದಿಲ್ಲ. ಕ್ಯೂಗಳನ್ನು ಒಂದೊಂದಾಗಿ ಹೆಸರಿಸಿ ಉಳಿಸಿಟ್ಟ ಶೋಧಕ್ಕೆ, ನಾಳೆ ಹುಟ್ಟುವ 'ನೆಟ್ವರ್ಕ್-ಕ್ರೀಡಾಂಗಣ'ವು ಗೊತ್ತೇ ಇರದು. 'ನೆಟ್ವರ್ಕ್-*' ಎಂಬ ಮಾದರಿಯು ಅದನ್ನು ತಾನಾಗಿಯೇ ಬರಮಾಡಿಕೊಳ್ಳುತ್ತದೆ. ಮಾದರಿಯ ಗುಣವೆಂದರೆ ಇದೇ. ಆದರೆ ಅದೇ ಕ್ಯೂಗೆ ಯಾರಾದರೂ 'ವೈಫೈ-ಕ್ರೀಡಾಂಗಣ' ಎಂದು ಹೆಸರಿಟ್ಟರೆ ಪಟ್ಟಿಯೂ ಅದನ್ನು ಅರಿಯದು, ಮಾದರಿಯೂ ಅರಿಯದು. ಅಲ್ಲಿಗೆ ಬಂದ ಮನವಿಗಳು ಒಡೆಯನಿಲ್ಲದೆ ಉಳಿಯುತ್ತವೆ. ಇದಕ್ಕೆ ಪರಿಹಾರವಾಗಿ ಅನುಭವಿಗಳು ಒಂದು ಶೇಷಶೋಧವನ್ನು ಇಟ್ಟುಕೊಳ್ಳುವರು. ಸಂಸ್ಥೆಯ ಎಲ್ಲ ತಂಡಗಳ ಮಾದರಿಗಳನ್ನೂ ಸಂಗ್ರಹಿಸಿ, ಪ್ರತಿಯೊಂದನ್ನೂ ನಿಷೇಧಾರ್ಥಕ್ಕೆ ತಿರುಗಿಸಿ, ನೆಟ್ವರ್ಕ್ ಅಲ್ಲ, ವಿದ್ಯುತ್ ಅಲ್ಲ, ನೀರೂ ಅಲ್ಲ, ಪರೀಕ್ಷೆಯೂ ಅಲ್ಲ, ಇನ್ನೂ ಮುಗಿದಿಲ್ಲ ಎಂದು ಜೋಡಿಸಿ, ಹಳೆಯದು ಮೊದಲು ಬರುವಂತೆ ಮೇಲ್ವಿಚಾರಕನ ಮುಖಪುಟದಲ್ಲಿ ನಿಲ್ಲಿಸುತ್ತಾರೆ. ಆ ಪಟ್ಟಿಯು ಬರಿದಾಗಿರುವ ದಿನವೇ ವ್ಯವಸ್ಥೆಯು ಸರಿಯಾಗಿರುವ ದಿನ.

ಅಲ್ಲಿಯೂ ಒಂದು ಸೂಕ್ಷ್ಮವುಂಟು. ಕ್ಯೂ ಇಲ್ಲದ ಟಿಕೆಟು ಇರಲಾರದು; ಆದರೆ ಸ್ಥಳ, ವಿಭಾಗ ಮುಂತಾದ ಇತರ ಅಂಕಣಗಳನ್ನು ಬರೆಯುವವನು ಖಾಲಿ ಬಿಟ್ಟಿರಬಹುದು. ಡೇಟಾಬೇಸಿನ ತರ್ಕದಲ್ಲಿ ಬೆಲೆಯೇ ಇಲ್ಲದ ಅಂಕಣವು 'ಹಾಸ್ಟೆಲ್*' ಎಂಬ ಮಾದರಿಗೆ ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ. ಎರಡೂ ಪ್ರಶ್ನೆಗಳಿಗೆ ಅದರ ಉತ್ತರವು ಅಜ್ಞಾತವೆಂಬುದೇ ಆದುದರಿಂದ ಅದು ಶೋಧದಿಂದಲೂ ಶೇಷಶೋಧದಿಂದಲೂ ಒಮ್ಮೆಗೇ ತಪ್ಪಿಸಿಕೊಳ್ಳುತ್ತದೆ. ನಿನ್ನೆಯಷ್ಟೇ ಊರಿನಿಂದ ಬಂದು, ತಾನಿರುವ ಬ್ಲಾಕಿನ ಹೆಸರನ್ನು ಇನ್ನೂ ತಿಳಿಯದ ಹೊಸ ವಿದ್ಯಾರ್ಥಿಯ ಮನವಿಯೇ ಹೀಗೆ ಮರೆಯಾಗುವ ಸಂಭವ ಹೆಚ್ಚು. ನಿಷೇಧದ ವಾಕ್ಯದೊಡನೆ 'ಅಥವಾ ಈ ಅಂಕಣವು ಖಾಲಿಯಾಗಿದೆ' ಎಂಬ ಮತ್ತೊಂದು ನಿಬಂಧನೆಯನ್ನು ಕೈಯಾರೆ ಸೇರಿಸಿದಾಗ ಮಾತ್ರ ಅವನ ಸಾಲುಗಳು ಆ ಪಟ್ಟಿಗೆ ಬರುತ್ತವೆ.